ವಾಪಸ್ ಬಸ್ಸು ಎಷ್ಟು ಹೊತ್ತಿಗೆ?

೨೬ ಮಾರ್ಚ್ ೨೦೦೭, ಸೋಮವಾರ

ಯೂನಿಯನ್ನಿನವರು ರಿಟೈರಾದವರಿಗೆಲ್ಲ ಕೊಟ್ಟ ಡೈರಿ ಇದು. ಇಲ್ಲಿಯವರೆಗೆ ನನ್ನ ಹೆಂಡತಿ ಶಾಮಲಮ್ಮ ಇದರ ಮೇಲೆ ಬಿಸಿ ಪಾತ್ರೆ ಇಳಿಸುತ್ತಿದ್ದಳು. ಇವತ್ತು ಕಿತ್ತುಕೊಂಡೆ. ಈ ಮನೆಯಲ್ಲಿ ನಾನು ಹೇಳಿದ್ದು ಯಾರ ಕಿವಿಗೂ ಹೋಗುವುದಿಲ್ಲ. ಕಾಗದ ಎದುರು ಮಾತಾಡುವುದಿಲ್ಲ, ಅಷ್ಟು ಸಾಕು.

ವಿಷಯ ಇಷ್ಟೆ. ಬೀದಿ ಕಡೆಯ ರೂಮನ್ನು ದೊಡ್ಡವೆಂಕಟಪ್ಪನಿಗೆ ಬಾಡಿಗೆಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಹದಿನಾಲ್ಕು ವರ್ಷ ಅವನು ಡ್ರೈವರು, ನಾನು ಕಂಡಕ್ಟರು, ಒಂದೇ ಬಸ್ಸು. ಅವನು ಅಲ್ಲಿ ಕಾಫಿಪುಡಿ ಅಂಗಡಿ ಇಡುತ್ತಾನೆ. ಪುಡಿ ಮಾಡುವ ಮೆಷೀನು ಆಗಲೇ ತಂದು ತನ್ನ ಮನೆ ಜಗುಲಿಯಲ್ಲಿ ಟಾರ್ಪಾಲು ಹೊದಿಸಿ ಇಟ್ಟಿದ್ದಾನೆ. ಈಗ ಸೊಸೆ ಮುನಿಲಕ್ಷ್ಮಿ ಬಂದು ಆ ರೂಮು ನನಗೆ ಬೇಕು ಅಂತಾಳೆ.

ಅವಳು ಬಿ.ಕಾಂ. ಕೋಲಾರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿಕೊಡುತ್ತಿದ್ದಳು. ಸೆಂಟರು ಮುಚ್ಚಿತು. ಕೊನೆ ಸಂಬಳದ ಬದಲು ಒಂದು ಕಂಪ್ಯೂಟರ್ ಕೊಟ್ಟು ಕಳಿಸಿದರು. ಅದನ್ನು ಇಡುವುದಕ್ಕೆ ಬೇರೆ ಜಾಗ ಇಲ್ಲ. ನಡುಮನೆಯಲ್ಲಿ ನಾವು ಮಲಗುತ್ತೇವೆ, ಹಿಂದಿನ ರೂಮು ಸೋರುತ್ತದೆ, ಅಡಿಗೆಮನೆಗೆ ಶಾಮಲಮ್ಮ ಯಾರನ್ನೂ ಬಿಡುವುದಿಲ್ಲ.

"ವೆಬ್‌ಸೈಟ್ ಮಾಡ್ತೀನಿ ಮಾವ. ಜನ ಬಂದು ಓದ್ತಾರೆ. ಪಕ್ಕದಲ್ಲಿ ಜಾಹೀರಾತು ಇರುತ್ತೆ. ಅದನ್ನ ಒತ್ತಿದ್ರೆ ಗೂಗಲ್‌ನೋರು ನಮಗೆ ದುಡ್ಡು ಕೊಡ್ತಾರೆ."

"ಎಲ್ಲಿರ್ತಾರೆ ಅವರು?"

"ಅಮೆರಿಕದಲ್ಲಿ."

"ನಿನ್ನ ಕಂಡಿದಾರಾ?"

"ಇಲ್ಲ."

"ಕಾಣದೋರು ಯಾಕಮ್ಮ ದುಡ್ಡು ಕೊಡ್ತಾರೆ? ಎದುರಿಗೆ ನಿಂತೋರೇ ಟಿಕೆಟ್ ತಗೊಳ್ಳಲ್ಲ."

ಮಗ ಕದಿರೇಶ ಮಧ್ಯೆ ಬಾಯಿ ಹಾಕಿದ. ಅವನಿಗೂ ಬಿತ್ತು. ಶ್ರೀನಿವಾಸಪುರದಲ್ಲಿ ಲೈನ್‌ಮನ್ ಅವನು. ಊರಿಗೆಲ್ಲ ಕರೆಂಟು ತೆಗೆಯುವವನು, ಹೆಂಡತಿ ಎದುರು ಫ್ಯೂಸು ಹೋದ ಕಂಬದ ಹಾಗೆ ನಿಲ್ಲುತ್ತಾನೆ.

ಕೊನೆಗೆ ನಾನೇ ತೀರ್ಮಾನ ಹೇಳಿದೆ. ದೊಡ್ಡವೆಂಕಟಪ್ಪ ಮೆಷೀನಿಗೆ ಪೂಜೆ ಮಾಡಿ ಶುರು ಮಾಡುವುದು ಆಯುಧಪೂಜೆಗೆ. ಅಲ್ಲಿಯವರೆಗೆ ರೂಮು ನಿನ್ನದು. ಅಷ್ಟರೊಳಗೆ ಆ ಅಮೆರಿಕದವರಿಂದ ನಿನ್ನ ಹೆಸರಿಗೆ ಪೋಸ್ಟಿನಲ್ಲಿ ಒಂದು ಕಾಗದ ಬರಬೇಕು. ಬಂದರೆ ರೂಮು ನಿನಗೇ. ಬರದಿದ್ದರೆ ಕಂಪ್ಯೂಟರ್ ಮಾರಿಬಿಡಬೇಕು.

"ಐವತ್ತು ಡಾಲರ್ ಆದ್ಮೇಲೆ, ವಿಳಾಸ ಸರಿ ಇದೆಯಾ ನೋಡೋಕೆ ಅವರೇ ಒಂದು ನಂಬರನ್ನ ಕಾಗದದಲ್ಲಿ ಕಳಿಸ್ತಾರೆ ಮಾವ. ಸರಿ, ಒಪ್ಕೊಂಡೆ" ಅಂದಳು. ಭಯ ಅನ್ನುವುದೇ ಇಲ್ಲ.

೯ ಏಪ್ರಿಲ್, ಸೋಮವಾರ

ಫೋನಿನ ತಂತಿಗೆ ಇಂಟರ್‌ನೆಟ್ ಹಾಕಿಹೋದರು. ಏನು ವಿಷಯ ಬರೀತೀಯಮ್ಮ ಅಂತ ಕೇಳಿದರೆ, "ಅದನ್ನೇ ಹುಡುಕ್ತಾ ಇದೀನಿ ಮಾವ" ಅಂತಾಳೆ! ಅಂಗಡಿ ಬಾಗಿಲು ತೆಗೆದಮೇಲೆ ಏನು ಮಾರಲಿ ಅಂತ ಯೋಚಿಸುವವರನ್ನು ಇದೇ ಮೊದಲು ನೋಡಿದ್ದು.

ಅದಕ್ಕೆ ಒಂದು ಸಾಧನ ಇದೆಯಂತೆ. ಕೂರಿಸಿ ತೋರಿಸಿದಳು. ಒಂದು ಮಾತು ಟೈಪ್ ಮಾಡಿದರೆ, ಜನ ಗೂಗಲ್‌ನಲ್ಲಿ ಅದನ್ನು ಎಷ್ಟು ಕೇಳುತ್ತಾರೆ ಅಂತ ಎದುರಿಗೆ ಒಂದು ಹಸಿರು ಪಟ್ಟಿ ಬರುತ್ತದೆ. ತುಂಬಾ ಕೇಳಿದರೆ ಪಟ್ಟಿ ಭರ್ತಿ, ಕಮ್ಮಿ ಕೇಳಿದರೆ ಖಾಲಿ. ಪಕ್ಕದಲ್ಲಿ ಇನ್ನೊಂದು ಪಟ್ಟಿ. ಆ ಮಾತಿಗೆ ಜಾಹೀರಾತು ಹಾಕುವುದಕ್ಕೆ ಎಷ್ಟು ಜನ ವ್ಯಾಪಾರದವರು ಮುಗಿಬಿದ್ದಿದ್ದಾರೆ ಅಂತ ಅದು ಹೇಳುತ್ತದೆ.

ಸಾಲ, ಇನ್ಷೂರೆನ್ಸು, ಎರಡಕ್ಕೂ ಎರಡೂ ಪಟ್ಟಿ ಭರ್ತಿ. "ಇದೇ ಮಾವ" ಅಂತ ಕುಣಿದಳು.

"ನಿನಗೆ ಇನ್ಷೂರೆನ್ಸ್ ವಿಷಯ ಏನು ಗೊತ್ತು?"

"ಪುಸ್ತಕ ಓದಿ ಬರೀತೀನಿ."

ಭರ್ತಿ ಇರುವ ಬಸ್ಸಿಗೇ ಎಲ್ಲರೂ ನುಗ್ಗುತ್ತಾರೆ. ಹಿಂದೆ ಖಾಲಿ ಬಸ್ಸು ಬರುತ್ತಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಹೇಳಲಿಲ್ಲ. ಬೀಳಲಿ, ಗೊತ್ತಾಗುತ್ತದೆ.

೨ ಮೇ, ಬುಧವಾರ

ಇಪ್ಪತ್ತೆರಡು ಪೇಜು ಬರೆದಿದ್ದಾಳೆ. ಓದಿದವರು ಹನ್ನೊಂದು ಜನ. ಅದರಲ್ಲಿ ಏಳು ಸಲ ಅವಳೇ, ಎರಡು ಸಲ ಕದಿರೇಶ, ಒಂದು ಸಲ ಅವಳ ತಮ್ಮ.

"ಇನ್ನೊಬ್ಬರು?"

"ದಾರಿ ತಪ್ಪಿ ಬಂದಿರ್ಬೇಕು ಮಾವ."

ನನಗೆ ನಗು ಬಂತು. ಅವಳೂ ನಕ್ಕಳು. ಆಮೇಲೆ ಬಟ್ಟೆ ಒಗೆಯುವುದಕ್ಕೆ ಹೋದವಳು ಬಹಳ ಹೊತ್ತು ಕಲ್ಲಿಗೆ ಬಡಿದಳು. ಇದ್ದ ಕೊಳೆಗಿಂತ ಜಾಸ್ತಿ ಬಡಿದಳು.

೨೦ ಮೇ, ಭಾನುವಾರ

ಖಾಲಿ ರೂಮಿನಲ್ಲಿ ಫ್ಯಾನು ತಿರುಗುತ್ತಿದೆ ಅಂದುಕೊಂಡೆ. ಬೈಯೋಣ ಅಂತ ಹೋದರೆ ಮುನಿಲಕ್ಷ್ಮಿ ಅಲ್ಲೇ ಕೂತಿದ್ದಳು. ಹಸಿರು ಪಟ್ಟಿ ನೋಡುತ್ತಾ ಕೆನ್ನೆಗೆ ಕೈ ಕೊಟ್ಟಿದ್ದಾಳೆ. ಭರ್ತಿ ಇರುವ ಮಾತಿಗೆಲ್ಲ ಸಾವಿರಾರು ಜನ ಆಗಲೇ ಬರೆದಿದ್ದಾರಂತೆ. ಗೂಗಲ್‌ನಲ್ಲಿ ಹುಡುಕಿದರೆ ಇವಳದು ನಲವತ್ತನೇ ಪೇಜಿನಲ್ಲಿ ಬರುತ್ತದಂತೆ. ಅಷ್ಟು ದೂರ ಯಾರು ಹೋಗುತ್ತಾರೆ?

ಬಾಯಿ ತಪ್ಪಿ ಹೇಳಿಬಿಟ್ಟೆ. "ಇಂಥ ಪಟ್ಟಿ ನಾನೂ ಹಾಕ್ತಿದ್ದೆ ಕಣಮ್ಮ."

ಮಂಡಿ ಕೆಟ್ಟಮೇಲೆ ನನ್ನನ್ನು ಬಸ್ಸಿನಿಂದ ಇಳಿಸಿ ಇಲ್ಲೇ ನಮ್ಮ ಮುಳಬಾಗಿಲು ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಹನ್ನೆರಡು ವರ್ಷ ಕೂತೆ. ತಲೆ ಮೇಲೆ ಆಳೆತ್ತರದ ಬೋರ್ಡು, ಅದರಲ್ಲಿ ತಿರುಪತಿ ಬಸ್ಸಿನ ಹೊತ್ತು. ಬೋರ್ಡಿನ ಕೆಳಗೇ ನಿಂತು, "ತಿರುಪತಿ ಬಸ್ ಎಷ್ಟೊತ್ಗೆ ಸಾರ್?" ಅಂತಾರೆ. ಒಂದು ದಿನ ತಲೆ ಕೆಟ್ಟು, ಟಿಕೆಟ್ ಲೆಕ್ಕ ಬರೆಯುವ ಹಳೇ ವೇಬಿಲ್ಲಿನ ಹಿಂದೆ ಗೆರೆ ಎಳೆಯುವುದಕ್ಕೆ ಶುರು ಮಾಡಿದೆ. ಕೇಳಿದ ಪ್ರಶ್ನೆ ಬರೆದು, ಒಂದು ಸಲಕ್ಕೆ ಒಂದು ಗೆರೆ. ಈ ಜನಕ್ಕೆ ಕಣ್ಣಿಲ್ಲ ಅಂತ ಡಿಪೋ ಮ್ಯಾನೇಜರಿಗೆ ತೋರಿಸುವುದಕ್ಕೆ. ಅವರು ನಕ್ಕು, "ಕೋದಂಡರಾಮಪ್ಪ, ಉತ್ತರ ಹೇಳೋಕೇ ನಿನಗೆ ಸಂಬಳ" ಅಂದರು. ಹಟಕ್ಕೆ ಬಿದ್ದು ರಿಟೈರಾಗುವವರೆಗೂ ಗೆರೆ ಎಳೆದೆ.

ಮುನಿಲಕ್ಷ್ಮಿ ಎದ್ದು ನಿಂತಳು. "ಎಲ್ಲಿವೆ ಮಾವ?"

"ಅಟ್ಟದ ಮೇಲೆ. ಯಾಕೆ?"

ಸೆರಗು ಸಿಕ್ಕಿಸಿ ಅವಳೇ ಹತ್ತಿದಳು. ಎರಡು ಕಟ್ಟು ಇಳಿಸಿದಳು. ತಲೆ ತುಂಬಾ ಜೇಡರ ಬಲೆ. ಒಂದೊಂದೇ ಹಾಳೆ ಓದಿಸಿದಳು. ಶಾಮಲಮ್ಮ ಊಟಕ್ಕೆ ಮೂರು ಸಲ ಕರೆದು, ನಾಲ್ಕನೇ ಸಲ ಮುದ್ದೆಯನ್ನು ಇಲ್ಲೇ ತಂದು ಕುಕ್ಕಿಹೋದಳು.

"ತಿರುಪತಿ ಬಿಡಿ ಮಾವ, ಅದಕ್ಕೆ ಎಲ್ಲರೂ ಉತ್ತರ ಹೇಳ್ತಾರೆ. ಬೋರ್ಡಲ್ಲಿ ಇಲ್ಲದ್ದು, ಬೇರೆ ಯಾರಿಗೂ ಗೊತ್ತಿಲ್ಲದ್ದು, ನಿಮ್ಮನ್ನೇ ಕೇಳ್ಬೇಕು ಅಂತಿದ್ದದ್ದು ಯಾವುದು?"

ಯೋಚನೆ ಮಾಡಬೇಕಾಗಿಯೇ ಇರಲಿಲ್ಲ. "ವಾಪಸ್ ಬಸ್ಸು" ಅಂದೆ. "ಕುರುಡುಮಲೆ ಗಣೇಶನ ಹತ್ರ ಹೋಗೋದು ಹೆಂಗೆ ಅಂತ ಬೀದೀಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಅಲ್ಲಿಂದ ಕಡೇ ಬಸ್ಸು ಎಷ್ಟೊತ್ಗೆ ಅಂತ ಯಾರೂ ಹೇಳಲ್ಲ. ಆವಣಿ ಬೆಟ್ಟಕ್ಕೂ ಅಷ್ಟೆ, ಶಿವಾರಪಟ್ಟಣಕ್ಕೂ ಅಷ್ಟೆ. ಕಳಿಸೋರಿಗೆ ಏನಮ್ಮ? ಸಿಕ್ಕಿಹಾಕ್ಕೊಳ್ಳೋನು ಹೋದೋನು."

ಅವಳು ಟೈಪ್ ಮಾಡಿದಳು. ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿಬರುವ ಜಾಗ ಅಂತ. ಕೋಲಾರ ಅಂತ. ಕುರುಡುಮಲೆ ಅಂತ. ಮೊದಲನೇ ಪಟ್ಟಿ ಅರ್ಧ, ಕಾಲು, ಕಾಲಿಗಿಂತ ಕಮ್ಮಿ. ಎರಡನೆಯದರಲ್ಲಿ ಒಂದಿಷ್ಟು ಹಸಿರು. ಟ್ಯಾಕ್ಸಿಯವರು, ಹೋಟೆಲಿನವರು. ಆಮೇಲೆ ಅದೇ ಮಾತನ್ನು ಗೂಗಲ್‌ನಲ್ಲೇ ಹುಡುಕಿದಳು. ಹೋಗುವುದು ಹೇಗೆ ಅಂತ ನಾಲ್ಕು ಜನ ಬರೆದಿದ್ದರು. ವಾಪಸ್ ಬರುವುದು ಒಬ್ಬರೂ ಬರೆದಿರಲಿಲ್ಲ.

"ಮಾವ! ಇಲ್ಲಿ ಬಸ್ಸೇ ಓಡ್ತಿಲ್ಲ. ನಾವು ಬಿಡೋಣ."

ಮುದ್ದೆ ಕಲ್ಲಾಗಿತ್ತು. ಆದರೂ ತಿಂದೆ.

೧೧ ಜೂನ್, ಸೋಮವಾರ

ನಾನು ಹೇಳುತ್ತೇನೆ, ಅವಳು ಡಿಕ್ಷನರಿ ಪಕ್ಕದಲ್ಲಿಟ್ಟು ಇಂಗ್ಲಿಷಿನಲ್ಲಿ ಹೊಡೆಯುತ್ತಾಳೆ. ಸಾಲ, ಇನ್ಷೂರೆನ್ಸು ಎಲ್ಲ ಅಳಿಸಿಹಾಕಿದಳು. ಕುರುಡುಮಲೆಯಿಂದ ಕಡೇ ವಾಪಸ್ ಬಸ್ಸು ಆರೂವರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. "ಅದನ್ನ ತಪ್ಪಿಸ್ಕೊಂಡ್ರೆ ನಿಮ್ಮ ಹಣೆಬರಹ, ನನ್ನ ಬೈಬೇಡಿ" ಅಂದೆ. ಅದನ್ನೂ ಹೊಡೆದುಬಿಟ್ಟಳು!

"ಅದು ನಿನಗೆ ಹೇಳಿದ್ದು ಕಣಮ್ಮ, ತೆಗಿ."

"ಇರ್ಲಿ ಮಾವ. ಬಸ್‌ಸ್ಟ್ಯಾಂಡಲ್ಲಿ ನಿಂತಂಗೇ ಇದೆ."

ಕೆಳಗೆ ಮನೆ ಫೋನ್ ನಂಬರ್ ಹಾಕು ಅಂದೆ. ವಿಚಾರಣೆ ಅಂದಮೇಲೆ ನಂಬರ್ ಇರಬೇಕು. ವೆಬ್‌ಸೈಟಿನಲ್ಲಿ ಹಾಗೆಲ್ಲ ಹಾಕುವುದಿಲ್ಲ ಅಂದಳು. ಹಾಕದಿದ್ದರೆ ಮುಂದಕ್ಕೆ ಹೇಳುವುದಿಲ್ಲ ಅಂದೆ. ಹಾಕಿದಳು.

೨೯ ಜೂನ್, ಶುಕ್ರವಾರ

ಫೋನೋ ಫೋನು. ಇವತ್ತು ಏಳು. "ಪೇಜಲ್ಲಿ ಬರೆದಿದೆಯಲ್ಲ, ಕಣ್ಣಿಲ್ವಾ ನಿಮಗೆ?" ಅಂತ ಐದು ಜನಕ್ಕೆ ಹೇಳಿ ಇಟ್ಟೆ. ಇನ್ನಿಬ್ಬರು ನಾನು ಹೇಳುವುದಕ್ಕೆ ಮುಂಚೆಯೇ ಇಟ್ಟರು.

೮ ಜುಲೈ, ಭಾನುವಾರ

ಸಾಯಂಕಾಲ ಏಳಕ್ಕೆ ಒಂದು ಫೋನು. ವಿದ್ಯಾಧೀಶ ಅಂತ ಹೆಸರು, ಬೆಂಗಳೂರಿನವರು. ತಾಯಿಯನ್ನು ಕುರುಡುಮಲೆಗೆ ಕರೆತಂದಿದ್ದರಂತೆ. ನಮ್ಮ ಪೇಜು ನೋಡಿಕೊಂಡು ಆರೂವರೆ ಬಸ್ಸಿಗೆ ನಿಂತರಂತೆ. ಬಸ್ಸೇ ಇಲ್ಲ. ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ಮಧ್ಯೆ ತಾಯಿಯನ್ನು ಕೂರಿಸಿಕೊಂಡು ಮುಳಬಾಗಿಲಿಗೆ ಬಂದರಂತೆ.

"ನೀವೇ ಲೇಟಾಗಿ ಬಂದಿರ್ತೀರ" ಅಂದೆ. ಗಟ್ಟಿಯಾಗಿಯೇ ಅಂದೆ.

"ಇಲ್ಲ ಸಾರ್, ಆರಕ್ಕೇ ನಿಂತಿದ್ವಿ. ಜಗಳಕ್ಕೆ ಮಾಡಿಲ್ಲ. ಇನ್ನೊಬ್ಬರಿಗೆ ತೊಂದರೆ ಆಗ್ದೇ ಇರ್ಲಿ, ತಿದ್ದಿಬಿಡಿ ಅಂತ ಮಾಡಿದೆ."

ಆಮೇಲೆ ತಾಯಿಯೇ ಫೋನು ತಗೊಂಡರು. ಕೃಷ್ಣಮ್ಮ ಅಂತೆ. "ದರ್ಶನ ಚೆನ್ನಾಗಾಯ್ತಪ್ಪ. ಹಾಲಿನ ವ್ಯಾನೂ ಚೆನ್ನಾಗೇ ಇತ್ತು. ಸೊಂಟ ಮಾತ್ರ ಸ್ವಲ್ಪ."

ಅವರು ಬೈದಿದ್ದರೆ ನಾನೂ ಎರಡು ಬೈದು ಆಗಲೇ ಮರೆತಿರುತ್ತಿದ್ದೆ.

೯ ಜುಲೈ, ಸೋಮವಾರ

ಕುರುಡುಮಲೆಗೆ ಹೋಗಿ ಬಂದೆ. ಕಡೇ ಬಸ್ಸು ಐದೂ ಮುಕ್ಕಾಲು. ಎರಡು ವರ್ಷದಿಂದ ಹಾಗೇ ಅಂತೆ. ಬಸ್ಸು ತಿರುಗಿಸುವ ಜಾಗದಲ್ಲಿ ಹೂ ಮಾರುವ ಬೈರಮ್ಮ ಹೇಳಿದಳು. "ಯಾವ ಕಾಲದೋನಪ್ಪ ನೀನು?" ಅಂತ ಕೇಳಿದಳು.

ಡಿಪೋದವರು ಹೊತ್ತು ಬದಲಾಯಿಸಿದ ಮೇಲೆ ನನಗೆ ಒಂದು ಮಾತು ಹೇಳಬೇಕಿತ್ತು.

೧೦ ಜುಲೈ, ಮಂಗಳವಾರ

ರಿಟೈರಾದವನಿಗೆ ಯಾಕೆ ಹೇಳುತ್ತಾರೆ.

ವಿದ್ಯಾಧೀಶರು ಫೋನಿನಲ್ಲಿ ಕೊಟ್ಟಿದ್ದ ಇ-ಮೇಲಿಗೆ ನಾಲ್ಕು ಸಾಲು ಕಳಿಸು ಅಂದೆ. ಮುನಿಲಕ್ಷ್ಮಿ ಕೊನೆಗೆ "ಕ್ಷಮಿಸಿ" ಅಂತ ಸೇರಿಸಿದ್ದಳು. ಯಾರು ಹಾಕು ಅಂದದ್ದು ಅಂತ ಕೇಳಿದೆ. ತೆಗೀಲಾ ಅಂದಳು. ಹಾಕಿ ಆಗಿದೆಯಲ್ಲ, ಇರಲಿ.

ನಾಳೆಯಿಂದ ಪೇಜಿನಲ್ಲಿರುವ ಎಲ್ಲ ಬಸ್ಸಿಗೂ ಹತ್ತಿ ನೋಡಬೇಕು. ತಲೆಯಲ್ಲಿರುವುದೆಲ್ಲ ಹಳೇ ಟೈಮು. ಶಾಮಲಮ್ಮ ಮಂಡಿ ಅಂದಳು. ಮಂಡಿ ನನ್ನದು ಅಂದೆ.

೧೯ ಆಗಸ್ಟ್, ಭಾನುವಾರ

ಒಂದು ತಿಂಗಳು ಬರೆದಿಲ್ಲ. ಬಿಡುವಿಲ್ಲ.

ಆವಣಿಗೆ ನಾಲ್ಕು ಸಲ, ಮಾಲೂರಿನಿಂದ ಶಿವಾರಪಟ್ಟಣಕ್ಕೆ ಎರಡು ಸಲ ಹೋದೆ. ಶಿವಾರಪಟ್ಟಣದಲ್ಲಿ ಶಿಲ್ಪ ಕೆತ್ತುವವರ ಉಳಿ ಸದ್ದು ಮಧ್ಯಾಹ್ನ ಊಟಕ್ಕೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಹೋದವರಿಗೆ ನೋಡುವುದಕ್ಕೆ ಏನೂ ಇಲ್ಲ. ಅದನ್ನು ಯಾರೂ ಬರೆದಿಲ್ಲ, ನಾವು ಬರೆದೆವು. ಎಲ್ಲಿ ಕುಡಿಯುವ ನೀರಿದೆ, ಎಲ್ಲಿ ವಯಸ್ಸಾದವರು ಕೂರುವುದಕ್ಕೆ ಕಟ್ಟೆ ಇದೆ, ಅದನ್ನೂ ಬರೆದೆವು. ಹೊಸ ಕಂಡಕ್ಟರುಗಳು "ಅಜ್ಜ, ಎಲ್ಲಿಗೆ ಹೋಗ್ಬೇಕು?" ಅಂದರೆ, "ವಾಪಸ್ ಬರ್ಬೇಕು" ಅನ್ನುತ್ತೇನೆ. ಮುಖ ಮುಖ ನೋಡುತ್ತಾರೆ.

ದಿನಕ್ಕೆ ನೂರರ ಮೇಲೆ ಜನ ಓದುತ್ತಿದ್ದಾರಂತೆ. ಇವರಲ್ಲಿ ಯಾರೂ ದಾರಿ ತಪ್ಪಿ ಬಂದವರಲ್ಲ ಅಂದಳು.

೧೫ ಸೆಪ್ಟೆಂಬರ್, ಶನಿವಾರ. ಗಣೇಶನ ಹಬ್ಬ

ಬೆಳಿಗ್ಗೆ ಆರರಿಂದ ಫೋನು. ಕಡುಬು ತಿನ್ನುವುದಕ್ಕೂ ಬಿಡಲಿಲ್ಲ. ಒಬ್ಬ ಅಜ್ಜ ಹೊಸಕೋಟೆಯಿಂದ ನಾಲ್ಕು ಸಲ ಮಾಡಿದ. ಕಿವಿ ಮಂದ. ಐದೂ ಮುಕ್ಕಾಲು ಅಂತ ನಾಲ್ಕು ಸಲ ಹೇಳಿದೆ. ಮೂರನೇ ಸಲ ಕಾಗದ ಪೆನ್ನು ತಗೊಳ್ಳಿ, ನಾನು ಕಾಯ್ತೀನಿ ಅಂದೆ. ಪೆನ್ನು ಹುಡುಕುವುದಕ್ಕೆ ಹೋಗಿ ಫೋನು ಕೆಳಗಿಡುವಾಗ ಇಟ್ಟೇಬಿಟ್ಟ. ಅದಕ್ಕೇ ನಾಲ್ಕನೇದು.

ಶಾಮಲಮ್ಮ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲವಲ್ಲ" ಅಂದುಕೊಂಡು ಹೋದಳು. ಯಾಕೆ ಮುಟ್ಟಿದಳೋ.

೧೭ ಸೆಪ್ಟೆಂಬರ್, ಸೋಮವಾರ

ಮುನಿಲಕ್ಷ್ಮಿಗೂ ನನಗೂ ಜಗಳ. "ನೀವು ಫೋನಲ್ಲೇ ಎಲ್ಲ ಹೇಳಿಬಿಟ್ರೆ ಯಾರು ಮಾವ ಪೇಜ್ ಓದ್ತಾರೆ? ಪೇಜ್ ಓದದೆ ಜಾಹೀರಾತು ಯಾರು ಒತ್ತುತಾರೆ? ಹಬ್ಬದ ದಿನವೇ ಸಾವಿರ ಜನ ಬರ್ಬೇಕಿತ್ತು."

"ಕೇಳಿದೋರಿಗೆ ಹೇಳ್ಬಾರ್ದಾ?"

"ಹೇಳ್ಬೇಡಿ ಅಂದ್ನಾ ನಾನು?"

"ಮತ್ತೆ ಇನ್ನೇನಂದೆ?"

ಆಯುಧಪೂಜೆಗೆ ಇನ್ನು ಒಂದು ತಿಂಗಳು. ಅವಳಿಗೆ ಅದರ ಬಿಸಿ. ನಿಜವೇ. ಯೋಚನೆ ಮಾಡಿ ಒಂದು ದಾರಿ ಹುಡುಕಿದೆ. ಫೋನಿನಲ್ಲಿ ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಗೆರೆ ಎಳೆಯುತ್ತೇನೆ. ಹತ್ತು ಗೆರೆ ದಾಟಿದ ಪ್ರಶ್ನೆಗೆ ಅವಳು ಪೇಜು ಬರೆಯಬೇಕು. ಹಸಿರು ಪಟ್ಟಿಗೆ ಗೊತ್ತಾಗುವುದಕ್ಕೆ ಮುಂಚೆಯೇ ನಮಗೆ ಗೊತ್ತಾಗುತ್ತದೆ.

"ಮಾವ, ಇದನ್ನ ಸೆಂಟರಲ್ಲಿ ಯಾರೂ ಹೇಳಿಕೊಟ್ಟಿರ್ಲಿಲ್ಲ" ಅಂದಳು. ಸೆಂಟರು ಮುಚ್ಚಿದ್ದು ಅದಕ್ಕೇ ಇರಬೇಕು.

೪ ಅಕ್ಟೋಬರ್, ಗುರುವಾರ

ನೋಟ್‌ಬುಕ್ಕು ಮುಕ್ಕಾಲು ತುಂಬಿದೆ. ಹೊಸ ಪೇಜು ಹದಿನಾಲ್ಕು. ಡಾಲರು ಮೂವತ್ತೆಂಟು. ಹದಿನಾರು ದಿನ ಉಳಿದಿದೆ.

ದೊಡ್ಡವೆಂಕಟಪ್ಪ ಬಂದು ಟೇಪು ಹಿಡಿದು ರೂಮಿನ ಗೋಡೆ ಅಳೆದುಹೋದ. ಮುನಿಲಕ್ಷ್ಮಿಯೇ ಟೇಪಿನ ಇನ್ನೊಂದು ತುದಿ ಹಿಡಿದಳು. ಪೋಸ್ಟ್‌ಮ್ಯಾನು ಈ ಬೀದಿಗೆ ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ಇರುತ್ತೇನೆ. ಗಾಳಿಗೆ.

೧೭ ಅಕ್ಟೋಬರ್, ಬುಧವಾರ

ನಲವತ್ತಾರು. ಇವತ್ತು ಐವತ್ತಾದರೂ ಕಾಗದ ಅಮೆರಿಕದಿಂದ ಬರಲು ಮೂರು ವಾರ. ಆಗುವುದಿಲ್ಲ.

೧೮ ಅಕ್ಟೋಬರ್, ಗುರುವಾರ

ಇವತ್ತಿನದು ಉದ್ದ ಇದೆ.

ಬೆಳಿಗ್ಗೆ ಆವಣಿಯಿಂದ ಬಂದೆ. ಬೀದಿ ಕಡೆಯ ರೂಮಿನಲ್ಲಿ ಮುನಿಲಕ್ಷ್ಮಿ ತಂತಿಗಳನ್ನು ಬಿಚ್ಚಿ, ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ನೆಲ ಗುಡಿಸಿ ಒರೆಸಿ ಆಗಿತ್ತು. ಅಳುತ್ತಿರಲಿಲ್ಲ. ಹಾಡೇನೋ ಗುನುಗುತ್ತಿದ್ದಳು. ಅದನ್ನು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಯಾರು ಖಾಲಿ ಮಾಡು ಅಂದದ್ದು?"

"ನೀವೇ ಮಾವ. ಮಾರ್ಚಲ್ಲಿ."

"ಮಾರ್ಚಲ್ಲಿ ನನಗೇನು ಗೊತ್ತಿತ್ತು?"

"ಮಾತು ಮಾತೇ ಅಲ್ವಾ? ಕಾಗದ ಬಂದಿಲ್ಲ."

"ಎಲ್ಲ ಬಿಚ್ಚಿದ್ದು ಹಂಗೇ ವಾಪಸ್ ಸಿಕ್ಕಿಸು. ಮಧ್ಯಾಹ್ನ ಮೂರು ಗಂಟೆಗೆ ಆವಣಿ ಪೇಜು ತಿದ್ದೋದಿದೆ, ಬಸ್ಸು ಈಗ ಹತ್ತು ನಿಮಿಷ ಮುಂಚೆನೇ ಹೊರಡುತ್ತೆ. ಜನ ಕಾಯ್ತಾರೆ."

ಚಪ್ಪಲಿ ಬಿಟ್ಟಿರಲೇ ಇಲ್ಲ. ಹಾಗೇ ದೊಡ್ಡವೆಂಕಟಪ್ಪನ ಮನೆಗೆ ನಡೆದೆ.

ಅವನು ಜಗುಲಿಯಲ್ಲಿ ಮೆಷೀನಿನ ಟಾರ್ಪಾಲು ತೆಗೆದು ಎಣ್ಣೆ ಬಿಡುತ್ತಿದ್ದ. "ಏಮಯ್ಯಾ ಕೋದಂಡ, ಬೀಗದ ಕೈ ತಂದ್ಯಾ?"

"ಇಲ್ಲ. ರೂಮು ಕೊಡಕ್ಕಾಗಲ್ಲ."

ಅವನು ಎಣ್ಣೆ ಡಬ್ಬಿ ಕೆಳಗಿಟ್ಟ. ಆಮೇಲೆ ಹೇಳಿದ, "ಹದಿನಾಲ್ಕು ವರ್ಷ ನೀನು ಸೀಟಿ ಊದಿದ್ರೆ ನಾನು ಹಿಂದೆ ತಿರುಗಿ ನೋಡ್ದೆ ಗಾಡಿ ಎತ್ತಿದೀನಿ. ಯಾರಾದ್ರೂ ಹತ್ತುತಿದಾರಾ, ಇಳೀತಿದಾರಾ, ಒಂದು ದಿನ ನೋಡಿಲ್ಲ. ಕೋದಂಡ ಊದಿದಾನೆ ಅಂದ್ರೆ ಸರಿಯಾಗೇ ಇರುತ್ತೆ ಅಂತ. ಇವತ್ತು ಹಿಂಗಂತೀಯಲ್ಲೋ."

ಆಮೇಲೆ ಶುರುವಾಯಿತು ನೋಡಿ. ಅರ್ಧ ಕನ್ನಡ, ಅರ್ಧ ತೆಲುಗು. ನನ್ನ ಸರ್ವಿಸ್ಸು, ನನ್ನ ಮಂಡಿ, ಸತ್ತುಹೋದ ನಮ್ಮಪ್ಪ, ಯಾರನ್ನೂ ಬಿಡಲಿಲ್ಲ. ಕ್ಷಮೆ ಗಿಮೆ ನಾನೇನೂ ಕೇಳಲಿಲ್ಲ. "ತಪ್ಪು ನನ್ನದೇ, ಬೈಯೋದೆಲ್ಲ ಬೈದುಬಿಡು" ಅಂತ ಹೇಳಿ ಮೆಟ್ಟಿಲ ಮೇಲೆ ಕೂತೆ, ಅಷ್ಟೇ. ಎದುರು ಮಾತಾಡಲಿಲ್ಲ. ಬಿಸಿಲಲ್ಲಿ ನಡೆದು ಬಾಯಿ ಒಣಗಿತ್ತು, ಅದಕ್ಕೆ.

ಒಳಗಿನಿಂದ ಅವನ ಹೆಂಡತಿ ದೊಡ್ಡಗಂಗಮ್ಮ ಕೂಗಿದಳು. "ಆ ಮೆಷೀನು ಜಗುಲಿ ಬಿಟ್ಟು ಹೋಗ್ಲಿಲ್ಲ ಅಂದ್ರೆ ನಾನೇ ಹೋಗ್ತೀನಿ! ಏಳು ತಿಂಗಳಾಯ್ತು, ನೆಂಟರು ಬಂದ್ರೆ ಕೂರೋಕೆ ಜಾಗ ಇಲ್ಲ!"

ಅವನು ಉಸಿರು ತಗೊಳ್ಳುವುದಕ್ಕೆ ನಿಲ್ಲಿಸಿದಾಗ ಕೇಳಿದೆ. "ವೆಂಕಟಪ್ಪ, ನಮ್ಮ ಬೀದೀಲಿ ಕಾಫಿಪುಡಿ ಅಂಗಡಿ ಎಷ್ಟಿದೆ?"

"ಮೂರು. ಏನೀಗ?"

"ನೀನು ನಾಲ್ಕನೆಯೋನು. ಭರ್ತಿ ಬಸ್ಸಿಗೆ ಹತ್ತುತಾ ಇದೀಯ."

ಕೈಚೀಲದಿಂದ ನೋಟ್‌ಬುಕ್ಕು ತೆಗೆದೆ. ಫೋನಿನಲ್ಲಿ ಜನ ಕೇಳಿದ್ದು. ಅದರಲ್ಲಿ ಒಂದು ಪುಟ ಪೂರ್ತಿ ಒಂದೇ ಪ್ರಶ್ನೆ. ಕುರುಡುಮಲೆಯಲ್ಲಿ ಕಾಫಿ ಸಿಗುತ್ತಾ? ಅರವತ್ಮೂರು ಗೆರೆ. ಇಲ್ಲ ಸ್ವಾಮಿ, ಕುಡಿದುಕೊಂಡು ಬನ್ನಿ ಅಂತ ಅರವತ್ಮೂರು ಜನಕ್ಕೂ ನಾನೇ ಹೇಳಿದ್ದೆ. ಉತ್ತರ ಹೇಳುವುದರಲ್ಲೇ ಮುಳುಗಿದ್ದೆ. ಆ ಗೆರೆ ಒಬ್ಬ ಕಾಫಿಯವನಿಗೆ ಕಾಯುತ್ತಿದೆ ಅಂತ ಹೊಳೆದದ್ದು ಅವನ ಮೆಟ್ಟಿಲ ಮೇಲೆ ಬೈಗುಳ ತಿನ್ನುವಾಗ.

"ಏನೋ ಇದು, ಜೈಲಲ್ಲಿ ಗೋಡೆ ಮೇಲೆ ಗೀಚ್ದಂಗೆ?"

"ಒಂದು ಗೆರೆ ಅಂದ್ರೆ ಒಬ್ಬ ಮನುಷ್ಯ. ಅವನ ಹಿಂದೆ ಅವನ ಸಂಸಾರ. ಕೇಳೋರು ಇಷ್ಟು, ಕೊಡೋರು ಒಬ್ಬರೂ ಇಲ್ಲ. ಬಸ್ಸು ತಿರುಗಿಸೋ ಜಾಗದಲ್ಲಿ ಹೂವಿನ ಬೈರಮ್ಮಂದು ಒಂದು ಪೆಟ್ಟಿಗೆ ಅಂಗಡಿ ಬೀಗ ಹಾಕಿದೆ. ನಾನು ಮಾತಾಡ್ತೀನಿ."

"ನಾನು ಪುಡಿ ಮಾಡೋನು. ಹೋಟ್ಲೋನಲ್ಲ."

"ನಾನು ಕಾಸಿ ಕೊಡ್ತೀನಿ!" ಒಳಗಿನಿಂದ ದೊಡ್ಡಗಂಗಮ್ಮ. "ದಿನಾ ನಿನ್ನ ಮುಖ ನೋಡೋದಕ್ಕಿಂತ ನಾಲ್ಕು ಜನರ ಮುಖ ನೋಡ್ತೀನಿ!"

ದೊಡ್ಡವೆಂಕಟಪ್ಪ ನೋಟ್‌ಬುಕ್ಕು ಇಸಿದುಕೊಂಡು ಗೆರೆಗಳನ್ನು ಬೆರಳಿಟ್ಟು ತಾನೇ ಎಣಿಸಿದ. ಹದಿನಾಲ್ಕು ವರ್ಷದಲ್ಲಿ ನಾನು ಹೇಳಿದ್ದನ್ನು ಅವನು ಎಣಿಸಿ ನೋಡಿದ್ದು ಇದೇ ಮೊದಲು. ಎಣಿಸಲಿ. ಅರವತ್ಮೂರೇ ಇತ್ತು.

"ಸರಿಲೇ. ನಾಳೆ ಹೋಗಿ ನೋಡೋಣ" ಅಂದ. ನಾನು ಎದ್ದು ಹೊರಟ ಮೇಲೆ ಹಿಂದಿನಿಂದ ಕೂಗಿದ. "ಲೇ ಕೋದಂಡ, ಅಲ್ಲಿಂದ ವಾಪಸ್ ಬಸ್ಸು ಎಷ್ಟೊತ್ಗೋ?"

ಹೇಳಿದೆ.

೨೦ ಅಕ್ಟೋಬರ್, ಶನಿವಾರ. ಆಯುಧಪೂಜೆ

ಬೆಳಿಗ್ಗೆ ಮನೆಯಲ್ಲಿ ಪೂಜೆ. ಕದಿರೇಶನ ಕಟಿಂಗ್ ಪ್ಲೇಯರು, ಶಾಮಲಮ್ಮನ ಈಳಿಗೆ ಮಣೆ, ಕಂಪ್ಯೂಟರು, ಎಲ್ಲಕ್ಕೂ ಕುಂಕುಮ. ಮುನಿಲಕ್ಷ್ಮಿ ಫೋನಿಗೂ ಹೂ ಇಟ್ಟಳು. ನನ್ನ ನೋಟ್‌ಬುಕ್ಕು ಎಲ್ಲಿ ಅಂತ ಹುಡುಕಿದರೆ ಅದಕ್ಕೂ ಇಟ್ಟಿದ್ದಳು, ಅರಿಶಿನ ಹತ್ತಿ ಎರಡು ಗೆರೆ ಕಾಣದಂತಾಗಿದೆ. ಬೈದೆ.

ಕಾಗದ ಬಂದಿಲ್ಲ. ಬರುತ್ತದೆ. ಈಗ ಅದರ ಮೇಲೆ ಏನೂ ನಿಂತಿಲ್ಲವಾದ್ದರಿಂದ ಪೋಸ್ಟ್‌ಮ್ಯಾನಿಗೆ ನಿಧಾನವಾಗಿ ಬಾರಪ್ಪ ಅಂದಿದ್ದೇನೆ.

ಮಧ್ಯಾಹ್ನ ಎಲ್ಲರೂ ಕುರುಡುಮಲೆಗೆ ಹೋದೆವು. ಬೈರಮ್ಮನ ಪೆಟ್ಟಿಗೆ ಅಂಗಡಿಗೆ ಮಾವಿನೆಲೆ ಕಟ್ಟಿದ್ದರು. ಮೆಷೀನಿಗೆ ಹೂವಿನ ಹಾರ. ಆದರೆ ಅಲ್ಲಿಗೆ ಕರೆಂಟು ಬರಬೇಕಾದರೆ ಅರ್ಜಿ ಹಾಕಬೇಕು, ತಿಂಗಳಾಗುತ್ತದೆ ಅಂತ ಕದಿರೇಶ. "ನಿನ್ನ ಮಗ ಲೈನ್‌ಮನ್ ಆಗಿ ಏನು ಪ್ರಯೋಜನವಯ್ಯಾ?" ಅಂತ ದೊಡ್ಡವೆಂಕಟಪ್ಪ. ಒಲೆಗೆ ಕರೆಂಟು ಬೇಡವಲ್ಲ ಅಂತ ದೊಡ್ಡಗಂಗಮ್ಮ ಹಾಲು ಕಾಸಿದಳು. ಮನೆಯಿಂದ ತಂದಿದ್ದ ಪುಡಿ. ದರ್ಶನ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ನಿಂತರು. ಹೇಳಿಕಳಿಸಿದ ಹಾಗೆ ಬಂದು ನಿಂತರು. ಅರವತ್ಮೂರರಲ್ಲಿ ಇವರು ಎಷ್ಟನೆಯವರೋ.

ದೊಡ್ಡವೆಂಕಟಪ್ಪ ಮೊದಲನೇ ಲೋಟ ನನಗೇ ಕೊಟ್ಟ. ಕುಡಿಯುವವರೆಗೂ ಮುಖವನ್ನೇ ನೋಡುತ್ತಾ ನಿಂತ.

"ಹೆಂಗಿದೆ?"

"ಚಿಕೋರಿ ಜಾಸ್ತಿ."

"ನಿನ್ನ ನಾಲಿಗೆ ಸರಿ ಇಲ್ಲ ಹೋಗೋ."

ಮುನಿಲಕ್ಷ್ಮಿ ಪಕ್ಕದಲ್ಲಿ ಕುಡಿಯುತ್ತಿದ್ದಳು. "ಮಾವ, ಪೇಜಲ್ಲಿ ಹಾಕಿಬಿಡ್ಲಾ? ಕುರುಡುಮಲೆಯಲ್ಲಿ ಈಗ ಕಾಫಿ ಸಿಗುತ್ತೆ ಅಂತ?"

"ಹಾಕು. ಚಿಕೋರಿ ಜಾಸ್ತಿ ಅಂತಾನೂ ಹಾಕು. ದೂರದಿಂದ ನಂಬ್ಕೊಂಡು ಬರ್ತಾರೆ."